ನಾಣ್ಯದಲ್ಲಿ ಅಕ್ಷರ ಎರಡೆರಡು ಕಂಡ್ರೆ: ನಿಜವಾದ ಡಬಲ್ಡ್ ಡೈ ಯಾವ್ದು, ಸವೆದ ಅಚ್ಚಿನ ನೆರಳು ಯಾವ್ದು

ನನ್ನ ಹತ್ರ 1998ರ ಒಂದು ರೂಪಾಯಿ ಸ್ಟೀಲ್ ನಾಣ್ಯ ಒಂದಿದೆ, ಅದಕ್ಕೆ ನಾನು ಕೊಟ್ಟಿದ್ದು ಸಾವಿರದ ಎಂಟುನೂರು ರೂಪಾಯಿ. ಮಾರಿದವರು ಡಬಲ್ಡ್ ಡೈ, ಅಂದ್ರೆ ಅಚ್ಚಿನಲ್ಲೇ ಚಿತ್ರ ಎರಡು ಸಲ ಬಿದ್ದಿರೋ ಅಪರೂಪದ್ದು, ಅಂತ ಹೇಳಿ ಇಸವಿ ಹತ್ರ ಕೆಂಪು ಬಾಣ ಹಾಕಿ ಫೋಟೋ ಕಳ್ಸಿದ್ರು, ನೋಡಿದ್ರೆ ಒಂಬತ್ತರ ಬೆನ್ನಿಗೆ ಇನ್ನೊಂದು ಒಂಬತ್ತು ಅಂಟಿಕೊಂಡ ಹಾಗೆ ಕಾಣ್ತಿತ್ತು, ದುಡ್ಡು ಕಳಿಸ್ಬಿಟ್ಟೆ. ಆಮೇಲೆ ಲೂಪ್ (ಕಣ್ಣಿಗೆ ಹತ್ರ ಹಿಡಿದು ನೋಡೋ ಸಣ್ಣ ಭೂತಗನ್ನಡಿ) ಹಿಡಿದು ನೋಡೋದು ಸರಿಯಾಗಿ ಕಲಿತ ಮೇಲೆ ಗೊತ್ತಾಯ್ತು ಅದು ಬರೀ ಸವೆದ ಅಚ್ಚಿಂದ ಬಂದ ನೆರಳು ಅಂತ, ಅಂಥದ್ದು ನಮ್ಮ ಅಂಗಡಿ ಗಲ್ಲದಲ್ಲೇ ತಿಂಗಳಿಗೆ ನಾಲ್ಕೈದು ಸಿಗುತ್ತೆ. ಆ ನಾಣ್ಯನ ಮಾರದೆ ಇಟ್ಕೊಂಡಿದ್ದೀನಿ, ಹೊಸದಾಗಿ ನಾಣ್ಯ ಕೂಡಿಡೋಕೆ ಶುರು ಮಾಡಿರೋ ಹುಡುಗರು ಬಂದ್ರೆ ಮೊದಲು ತೋರಿಸೋದು ಅದನ್ನೇ.

ಹಾಸನದಲ್ಲಿ ಕಟ್ಟಿನಕೆರೆ ಮಾರ್ಕೆಟ್ ಹತ್ರ ನಮ್ದು ದಿನಸಿ ಅಂಗಡಿ. ಮಂಗಳವಾರ ಸಂತೆ ದಿನ ಚಿಲ್ಲರೆ ರಾಶಿ ಬೀಳುತ್ತೆ, ಸಕಲೇಶಪುರದ ಕಡೆ ತೋಟದವರು ಬಟವಾಡೆ ಆದ್ಮೇಲೆ ಸಾಮಾನಿಗೆ ಬಂದ್ರೆ ಮತ್ತೆ ಒಂದಷ್ಟು. ಹಾಗಾಗಿ ನೋಡೋಕೆ ನಾಣ್ಯಕ್ಕೆ ಬರ ಇಲ್ಲ. ಈ ಕೆಲವು ವರ್ಷದಲ್ಲಿ ನೋಡ್ತಾ ನೋಡ್ತಾ ಕಲ್ತಿದ್ದನ್ನ ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೀತಿದ್ದೀನಿ, ಯಾರೂ ಇನ್ನೊಂದು ಸಾವಿರದ ಎಂಟುನೂರು ಕಳ್ಕೋಬಾರ್ದು ಅನ್ನೋದು ನನ್ನಾಸೆ.

ಮೊದಲು ಅಚ್ಚು ಹುಟ್ಟೋದು ಹೇಗೆ ಅಂತ ತಿಳ್ಕೊಳ್ಳಿ

ಇದನ್ನ ಬಿಟ್ಟು ನೇರ ಲೂಪ್ ಹಿಡಿದ್ರೆ ಏನೂ ಉಪಯೋಗ ಇಲ್ಲ, ಯಾಕಂದ್ರೆ ಕೇಳ್ಬೇಕಾದ ಪ್ರಶ್ನೆ "ಎರಡು ಕಾಣುತ್ತಾ" ಅನ್ನೋದಲ್ಲ, "ಈ ಎರಡನೇದು ಯಾವಾಗ ಬಂತು" ಅನ್ನೋದು. ಅಚ್ಚು ಮಾಡುವಾಗ ಬಂತಾ, ನಾಣ್ಯ ಹೊಡೆಯುವ ಕ್ಷಣದಲ್ಲಿ ಬಂತಾ, ಇಲ್ಲ ಅಚ್ಚು ಮುದಿಯಾದ್ಮೇಲೆ ಬಂತಾ. ಬೆಲೆ ಇರೋದು ಮೊದಲನೇದಕ್ಕೆ ಮಾತ್ರ.

ನಮ್ಮ ಕಡೆ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡ್ತೀವಲ್ಲ, ಅದನ್ನ ನೆನಪು ಮಾಡ್ಕೊಳ್ಳಿ. ಮರದ ಅಚ್ಚಲ್ಲಿ ಗಿಣಿ ಕೆತ್ತುವಾಗ ಆಚಾರಿ ಕೈಲಿ ಕೊಕ್ಕು ಎರಡು ಸಲ ಬಿದ್ದಿದ್ರೆ ಆ ಅಚ್ಚಿಂದ ತೆಗೆದ ಪ್ರತಿ ಗಿಣಿಗೂ ಎರಡು ಕೊಕ್ಕು, ಅಜ್ಜಿ ಕಾಲದಲ್ಲೂ ಅಷ್ಟೇ, ಸೊಸೆ ಕಾಲದಲ್ಲೂ ಅಷ್ಟೇ. ಅಚ್ಚು ಸರಿಯಾಗೇ ಇದ್ದು, ಪಾಕ ಪೂರ್ತಿ ಆರೋಕೆ ಮುಂಚೆ ಅವಸರಕ್ಕೆ ಬಿಚ್ಚಿ ಗಿಣಿ ಸ್ವಲ್ಪ ಜರುಗಿದ್ರೆ ಆ ಒಂದು ಗಿಣಿ ಮಾತ್ರ ಒಂದು ಪಕ್ಕ ಚಪ್ಪಟೆ. ಅಚ್ಚು ಮೂವತ್ತು ನಲವತ್ತು ವರ್ಷ ಹಳೇದಾಗಿ ಮರದ ಅಂಚೆಲ್ಲ ಸವೆದಿದ್ರೆ ಎಲ್ಲಾ ಗಿಣಿನೂ ಊದಿಕೊಂಡು, ಕಣ್ಣು ಮಸುಕಾಗಿ, ರೆಕ್ಕೆ ಗೆರೆ ಸುತ್ತ ಇನ್ನೊಂದು ಮಬ್ಬು ಗೆರೆ ಇದ್ದ ಹಾಗೆ ಬರುತ್ತೆ. ನಾಣ್ಯದ ಕಥೆನೂ ಈ ಮೂರೇ.

ಟಂಕಸಾಲೆಯಲ್ಲಿ ಕಲಾವಿದರ ಚಿತ್ರದಿಂದ ಮೊದಲು ಮಾಸ್ಟರ್ ಹಬ್ ಅಂತ ಮಾಡ್ತಾರೆ, ಇದರ ಮೇಲೆ ಚಿತ್ರ ನಾಣ್ಯದ ಥರಾನೇ ಉಬ್ಬಿರುತ್ತೆ. ಹಬ್ಬನ್ನ ಉಕ್ಕಿಗೆ ಒತ್ತಿ ಡೈ ಮಾಡ್ತಾರೆ, ಅಂದ್ರೆ ಅಚ್ಚು, ಅದರಲ್ಲಿ ಚಿತ್ರ ಒಳಕ್ಕೆ ತಗ್ಗಿರುತ್ತೆ. ಮಾಸ್ಟರ್ ಹಬ್ಬಿಂದ ಮಾಸ್ಟರ್ ಡೈ, ಅದರಿಂದ ವರ್ಕಿಂಗ್ ಹಬ್, ಅದರಿಂದ ನಾಣ್ಯ ಹೊಡೆಯೋ ವರ್ಕಿಂಗ್ ಡೈ. ಹಳೇ ಪದ್ಧತಿಯಲ್ಲಿ ಒಂದೇ ಒತ್ತಿಗೆ ಚಿತ್ರ ಪೂರ್ತಿ ಇಳೀತಿರ್ಲಿಲ್ಲ, ಒತ್ತಿದಾಗ ಉಕ್ಕು ಗಟ್ಟಿಯಾಗ್ಬಿಡುತ್ತೆ, ಆಗ ಅದನ್ನ ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಅದೇ ಹಬ್ ಇಟ್ಟು ಒತ್ತಬೇಕು. ಈ ಎರಡನೇ ಒತ್ತು ಮೊದಲನೇದರ ಮೇಲೆ ಕರೆಕ್ಟಾಗಿ ಕೂರದೆ ಕೂದಲೆಳೆಯಷ್ಟು ತಿರುಗಿದ್ರೂ ಸಾಕು, ಅಚ್ಚಿನೊಳಗೆ ಎರಡು ಚಿತ್ರ ಕೂತ್ಬಿಡುತ್ತೆ. ಇದೇ ಡಬಲ್ಡ್ ಡೈ. ಹೆಸರಲ್ಲೇ ಇದೆ ನೋಡಿ, ಎರಡಾಗಿರೋದು ಡೈ, ನಾಣ್ಯ ಅಲ್ಲ.

ಅಮೆರಿಕದ 1955ರ ಒಂದು ಸೆಂಟ್ ಇದಕ್ಕೆ ಎಲ್ಲರೂ ಹೇಳೋ ಉದಾಹರಣೆ. ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಇಂಥ ಒಂದು ಅಚ್ಚು ಮೆಷಿನ್ನಿಗೆ ಹೋಯ್ತು, ಗೊತ್ತಾಗುವಷ್ಟರಲ್ಲಿ ಹೊಡೆದ ನಾಣ್ಯದಲ್ಲಿ ಒಂದು ಪಾಲು ಒಳ್ಳೇ ನಾಣ್ಯದ ರಾಶಿಗೆ ಸೇರಿಹೋಗಿತ್ತು, ಅಷ್ಟೂ ರಾಶಿ ಕರಗಿಸೋ ಬದಲು ಹಾಗೇ ಹೊರಗೆ ಬಿಟ್ರು. ಇಪ್ಪತ್ತು ಸಾವಿರದ ಮೇಲೆ ಹೊರಗೆ ಹೋಯ್ತು ಅಂತ ಅಂದಾಜು. ಇಸವಿ, ಅಕ್ಷರ ಎಲ್ಲ ಬರಿಗಣ್ಣಿಗೇ ಎರಡೆರಡು ಕಾಣುತ್ತೆ. ಅದೇ ವರ್ಷದ್ದೇ ಇನ್ನೊಂದು ಇದೆ, "ಬಡವರ ಡಬಲ್ಡ್ ಡೈ" ಅಂತ ಕರೀತಾರೆ, ಅದರಲ್ಲಿ ಕೊನೇ 5 ಮಾತ್ರ ಎರಡು ಕಂಡ ಹಾಗಿರುತ್ತೆ. ಅದು ಡಬಲ್ಡ್ ಡೈ ಅಲ್ಲವೇ ಅಲ್ಲ, ಸವೆದ ಅಚ್ಚಿಂದ ಬಂದಿದ್ದು. ಒಂದೇ ಇಸವಿ, ಒಂದೇ ಚಿತ್ರ, ಒಂದು ಅಪರೂಪ ಇನ್ನೊಂದು ಸಾಮಾನ್ಯ. ಈ ಎರಡರ ಫೋಟೋ ಪಕ್ಕಪಕ್ಕ ಇಟ್ಟು ಅರ್ಧ ಗಂಟೆ ನೋಡಿದ್ರೆ ಈ ಲೇಖನದ ಅರ್ಧ ಅರ್ಥ ಆದ ಹಾಗೆ.

ಬೇಕಾದ ಸಾಮಾನು

10ಎಕ್ಸ್ ಲೂಪ್ ಒಂದು, ಅಕ್ಕಸಾಲಿಗರು ಇಟ್ಕೊಳ್ಳೋ ಅಂಥದ್ದು. ಬತ್ತಿ ಒಂದೇ ಇರೋ ಟೇಬಲ್ ಲ್ಯಾಂಪ್. ಅದೇ ಇಸವಿಯ ಅದೇ ಟಂಕಸಾಲೆಯ ಸಾಮಾನ್ಯ ನಾಣ್ಯ ಎರಡು ಮೂರು, ಹೋಲಿಸೋಕೆ. ಅಷ್ಟೇ. ಯುಎಸ್‌ಬಿ ಮೈಕ್ರೋಸ್ಕೋಪ್ ಆಮೇಲೆ ತಗೊಳ್ಳಿ, ಶುರುವಲ್ಲಿ ಬೇಡ, ಯಾಕಂದ್ರೆ ಇನ್ನೂರು ಪಟ್ಟು ದೊಡ್ಡದು ಮಾಡಿದ್ರೆ ಯಾವ ನಾಣ್ಯವಾದ್ರೂ ವಿಚಿತ್ರವಾಗೇ ಕಾಣುತ್ತೆ. ಹತ್ತು ಪಟ್ಟಲ್ಲಿ ಕಾಣದೇ ಇರೋದರ ಹಿಂದೆ ಹೊಸಬರು ಓಡಬಾರ್ದು ಅಂತ ನನ್ನ ಅಭಿಪ್ರಾಯ.

ಟಂಕಸಾಲೆ ಗುರುತು ಗೊತ್ತಿಲ್ದೋರಿಗೆ: ಇಸವಿ ಕೆಳಗೆ ವಜ್ರದ ಆಕಾರ ಇದ್ರೆ ಮುಂಬೈ, ನಕ್ಷತ್ರ ಇದ್ರೆ ಹೈದರಾಬಾದ್, ದುಂಡು ಚುಕ್ಕೆ ನೋಯ್ಡಾ, ಏನೂ ಇಲ್ದಿದ್ರೆ ಕೋಲ್ಕತ್ತ.

ಇನ್ನೊಂದು ಮಾತು, ನಾಣ್ಯನ ತೊಳೀಬೇಡಿ. ಹುಣಸೆಹಣ್ಣು, ಬೂದಿ, ಪೇಸ್ಟು ಏನೂ ಬೇಡ. ಅಚ್ಚು ಹೊಸದಾ ಹಳೇದಾ ಅಂತ ಹೇಳೋದು ನಾಣ್ಯದ ಮೇಲಿರೋ ಆ ತೆಳ್ಳನೆ ಹೊಳಪು ಮತ್ತು ಸಣ್ಣ ಸಣ್ಣ ಗೆರೆ, ಉಜ್ಜಿದ್ರೆ ಮೊದಲು ಹೋಗೋದು ಅದೇ. ತೀರಾ ಕೊಳೆ ಇದ್ರೆ ನೀರಲ್ಲಿ ನೆನೆಸಿ, ಮೆತ್ತನೆ ಬಟ್ಟೆ ಮೇಲಿಟ್ಟು ನೀರು ಹೀರ್ಕೊಳ್ಳೋಕೆ ಬಿಡಿ, ಉಜ್ಜಬೇಡಿ.

ಹೆಜ್ಜೆ 1: ನೆರಳನ್ನ ಮೊದಲು ಓಡಿಸಿ

ಲ್ಯಾಂಪ್ ಒಂದು ಪಕ್ಕ ಇಟ್ಟು, ನಾಣ್ಯದ ಅಂಚನ್ನ ಎರಡು ಬೆರಳಲ್ಲಿ ಹಿಡಿದು ಲೂಪಲ್ಲಿ ನೋಡ್ತಾ ನಿಧಾನಕ್ಕೆ ಪೂರ್ತಿ ಒಂದು ಸುತ್ತು ತಿರುಗಿಸಿ. ಎರಡನೇ ಚಿತ್ರ ಬೆಳಕಿನ ಜೊತೆ ಜೊತೆಗೇ ಜಾಗ ಬದಲಾಯಿಸಿದ್ರೆ ಅದು ಬರೀ ನೆರಳು ಅಥವಾ ಹೊಳಪು, ಅಲ್ಲಿಗೆ ಬಿಟ್ಬಿಡಿ. ನಿಜವಾಗಿ ಲೋಹದಲ್ಲಿ ಇರೋದು ಬೆಳಕು ಯಾವ ಕಡೆ ಬಂದ್ರೂ ಅಕ್ಷರದ ಅದೇ ಪಕ್ಕದಲ್ಲೇ ಇರುತ್ತೆ. ವೃತ್ತಾಕಾರದ ಎಲ್‌ಇಡಿ ದೀಪ ಇದಕ್ಕೆ ಒಳ್ಳೇದಲ್ಲ, ಹತ್ತಾರು ಕಡೆಯಿಂದ ಬೆಳಕು ಬಿದ್ದು ಅಕ್ಷರದ ಸುತ್ತ ಸುಳ್ಳು ಗೆರೆ ಹುಟ್ಟುತ್ತೆ. ಮೊಬೈಲ್ ಫೋಟೋ ನಂಬಬೇಡಿ, ಈಗಿನ ಫೋನು ತಾನೇ ಚಿತ್ರನ ಶಾರ್ಪ್ ಮಾಡಿ ಪ್ರತಿ ಅಂಚಿಗೂ ಒಂದು ಬಿಳಿ ಗೆರೆ ಕಟ್ಟುತ್ತೆ, ನನಗೆ ಬಂದಿದ್ದ ಆ ಕೆಂಪು ಬಾಣದ ಫೋಟೋದಲ್ಲಿ ಅರ್ಧ ಕೆಲಸ ಫೋನೇ ಮಾಡಿತ್ತು.

ಹೆಜ್ಜೆ 2: ಎರಡನೇ ಚಿತ್ರದ ಎತ್ತರ ನೋಡಿ

ಇದು ಇಡೀ ವಿಷಯದ ಹೃದಯ, ಇಲ್ಲಿ ನಿಧಾನ ಮಾಡಿ.

ನಾಣ್ಯನ ಸ್ವಲ್ಪ ಓರೆ ಮಾಡಿ ಹಿಡಿದು ಅಕ್ಷರದ ಪಕ್ಕದಲ್ಲಿರೋದು ಎಷ್ಟು ಎತ್ತರ ಇದೆ, ಅದರ ಮೇಲ್ಭಾಗ ಹೇಗಿದೆ ಅಂತ ಗಮನಿಸಿ. ನಿಜವಾದ ಡಬಲ್ಡ್ ಡೈಯಲ್ಲಿ ಎರಡನೇ ಚಿತ್ರನೂ ಹಬ್ಬಿಂದಲೇ ಬಂದಿದ್ದು, ಹಾಗಾಗಿ ಅದೂ ಒಂದು ಅಕ್ಷರದ ಹಾಗೇ ಮೈತುಂಬಿಕೊಂಡು, ಬೆನ್ನು ದುಂಡಗಿದ್ದು, ಮೊದಲನೇದಕ್ಕೂ ಇದಕ್ಕೂ ಮಧ್ಯೆ ಒಂದು ಸ್ಪಷ್ಟ ಕಣಿವೆ ಇರುತ್ತೆ. ಎರಡೂ ಒಂದೇ ಎತ್ತರ ಇರಲೇಬೇಕು ಅಂತಿಲ್ಲ, ಆದ್ರೆ ಎರಡಕ್ಕೂ ರೂಪ ಇರುತ್ತೆ, ಎರಡನೇದನ್ನ ಬೇರೆಯಾಗಿ ಓದಬಹುದು.

ಮೆಷಿನ್ ಡಬ್ಲಿಂಗ್ ಅಂತ ಒಂದಿದೆ, ಅಂದ್ರೆ ಮೆಷಿನ್ನಲ್ಲಿ ಅಚ್ಚು ಸ್ವಲ್ಪ ಸಡಿಲ ಇದ್ದು, ನಾಣ್ಯ ಹೊಡೆದ ಮರುಕ್ಷಣ ಅಚ್ಚು ಜರುಗಿ ಆಗಷ್ಟೇ ಮೂಡಿದ ಅಕ್ಷರನ ಪಕ್ಕಕ್ಕೆ ತಳ್ಳಿಬಿಡುತ್ತೆ. ಇದರಲ್ಲಿ ಎರಡನೇದು ಮೆಟ್ಟಿಲಿನ ಹಾಗಿರುತ್ತೆ, ತಗ್ಗು, ಚಪ್ಪಟೆ, ಚಾಕುವಲ್ಲಿ ಬೆಣ್ಣೆ ಸವರಿದಷ್ಟು ನುಣುಪು, ಬೆಳಕಿಗೆ ಫಳಫಳ ಹೊಳೆಯುತ್ತೆ.

ಸವೆದ ಅಚ್ಚಿನದು ಈ ಎರಡೂ ಅಲ್ಲ. ಅದಕ್ಕೆ ರೂಪನೂ ಇಲ್ಲ, ಮೆಟ್ಟಿಲೂ ಇಲ್ಲ. ಮೇಣ ಕರಗಿ ಇಳಿದ ಹಾಗೆ ಅಕ್ಷರದ ಪಕ್ಕ ಒಂದು ಇಳಿಜಾರು, ಎಲ್ಲಿ ಅಕ್ಷರ ಮುಗೀತು ಎಲ್ಲಿ ಪಕ್ಕದ ಖಾಲಿ ಜಾಗ ಶುರುವಾಯ್ತು ಅಂತ ಗೆರೆ ಎಳೆಯೋಕೆ ಆಗಲ್ಲ. ಯಾಕೆ ಹೀಗೆ ಅಂದ್ರೆ, ಅಚ್ಚಿನಲ್ಲಿ ಅಕ್ಷರ ಅನ್ನೋದು ಒಂದು ಗುಂಡಿ. ಪ್ರತಿ ಏಟಿಗೂ ಬಿಲ್ಲೆಯ, ಅಂದ್ರೆ ಇನ್ನೂ ಚಿತ್ರ ಮೂಡದ ಖಾಲಿ ತುಂಡಿನ, ಲೋಹ ಒತ್ತಡಕ್ಕೆ ನೀರಿನ ಹಾಗೆ ಹರಿದು ಹೊರಗಡೆ ಅಂಚಿನ ಕಡೆ ಓಡುತ್ತೆ, ಹೋಗ್ತಾ ಗುಂಡಿಯ ಬಾಯನ್ನ ಉಜ್ಜುತ್ತೆ. ಸಾವಿರ ಸಾವಿರ ಏಟು ಬಿದ್ದ ಮೇಲೆ, ಮಳೆಗಾಲದಲ್ಲಿ ಕಾಫಿ ಗಿಡಕ್ಕೆ ತೋಡಿದ ಗುಂಡಿ ಅಂಚು ಕುಸೀತದಲ್ಲ, ಹಾಗೇ ಆ ಬಾಯಿ ಕುಸಿದು ಅಗಲ ಆಗುತ್ತೆ. ಕುಸಿದ ಆ ಅಂಚಿನೊಳಗೂ ಲೋಹ ತುಂಬಿಕೊಳ್ಳುತ್ತೆ, ನಾಣ್ಯದ ಮೇಲೆ ಅದೇ ನಮಗೆ "ಎರಡನೇ ಅಕ್ಷರ" ಆಗಿ ಕಾಣೋದು. ನಮ್ಮ ಸ್ಟೀಲ್ ನಾಣ್ಯಗಳಲ್ಲಿ ಇದು ಇಷ್ಟೊಂದು ಸಿಗೋಕೆ ಕಾರಣನೂ ಇದೇ. 1992ರಿಂದ ಒಂದು ರೂಪಾಯಿ ಸ್ಟೇನ್‌ಲೆಸ್ ಸ್ಟೀಲ್ ಆಯ್ತು, ಅದು ಗಟ್ಟಿ ಲೋಹ, ಅಚ್ಚನ್ನ ಬೇಗ ತಿನ್ನುತ್ತೆ.

ಹೆಜ್ಜೆ 3: ಅಕ್ಷರದ ದಪ್ಪ

ಹೋಲಿಸೋಕೆ ಇಟ್ಕೊಂಡ ನಾಣ್ಯ ಈಗ ತೆಗೀರಿ. ಒಂದೇ ಅಕ್ಷರನ ಎರಡರಲ್ಲೂ ನೋಡಿ. ಡಬಲ್ಡ್ ಡೈ ಆದ್ರೆ ಅಕ್ಷರ ತನ್ನ ದಪ್ಪ ಹಾಗೇ ಇಟ್ಕೊಂಡು ಅದರ ಮೇಲೆ ಇನ್ನೊಂದಷ್ಟು ಸೇರಿಸ್ಕೊಂಡಿರುತ್ತೆ. ಮೆಷಿನ್ ಡಬ್ಲಿಂಗ್ ಆದ್ರೆ ಅಕ್ಷರದ ಮೇಲ್ಭಾಗ ಸಾಮಾನ್ಯಕ್ಕಿಂತ ತೆಳ್ಳಗಾಗಿರುತ್ತೆ, ಯಾಕಂದ್ರೆ ಆ ಮೆಟ್ಟಿಲಿಗೆ ಲೋಹ ಬಂದಿದ್ದು ಅಕ್ಷರದ ಮೈಯಿಂದಲೇ, ಹೊಸದಾಗಿ ಎಲ್ಲಿಂದಲೂ ಬಂದಿಲ್ಲ. ಸವೆದ ಅಚ್ಚಾದ್ರೆ ಊದಿಕೊಂಡಿರುತ್ತೆ ಆದ್ರೆ ಎಷ್ಟು ದಪ್ಪ ಅಂತ ಅಳೆಯೋಕೆ ಹೋದ್ರೆ ಅಂಚೇ ಸಿಗಲ್ಲ.

ಹೆಜ್ಜೆ 4: ಮೂಲೆಯಲ್ಲಿ ಕಚ್ಚು ಇದೆಯಾ

ಒಂದು ಅಕ್ಷರದ ಮೇಲೆ ಅದೇ ಅಕ್ಷರನ ಸ್ವಲ್ಪ ಜರುಗಿಸಿ ಬರೆದ್ರೆ ಕೊನೆಗಳಲ್ಲಿ ಎರಡು ಮೂಲೆ ಕಾಣುತ್ತೆ, ಮಧ್ಯೆ ವಿ ಆಕಾರದ ಸಣ್ಣ ಕಚ್ಚು ಉಳಿಯುತ್ತೆ. ಪೇಪರ್ ಮೇಲೆ ಪೆನ್ನಲ್ಲಿ ಬರೆದು ನೋಡಿ, ಎರಡು ನಿಮಿಷದ ಕೆಲಸ. ಅಮೆರಿಕದ ಹಳೇ ನಾಣ್ಯದ ಅಕ್ಷರಗಳಿಗೆ ಕೊನೆಯಲ್ಲಿ ಸಣ್ಣ ಪಾದ ಇರೋದ್ರಿಂದ ಅಲ್ಲಿ ಈ ಕಚ್ಚು ಹುಡುಕೋದು ಸುಲಭ. ನಮ್ಮ ನಾಣ್ಯದಲ್ಲಿ ಇಂಗ್ಲಿಷ್ ಅಕ್ಷರ ಬಹಳ ಕಡೆ ಪಾದ ಇಲ್ದೆ ಸಾದಾ ಇರುತ್ತೆ, ಅದಕ್ಕೆ ನಾನು ನೋಡೋದು ಹಿಂದಿಯ "ಭಾರತ" ಅನ್ನೋದರ ತಲೆಗೆರೆಯ ಎರಡು ತುದಿ, ಆಮೇಲೆ ಆ ಅಕ್ಷರಗಳ ಕೆಳಕ್ಕೆ ಇಳಿಯೋ ಕಂಬಗಳ ತುದಿ. ಅಲ್ಲಿ ತುದಿ ಎರಡಾಗಿ ಸೀಳಿದ್ರೆ ಹೃದಯ ಬಡ್ಕೊಳ್ಳೋಕೆ ಶುರುವಾಗುತ್ತೆ. ತುದಿ ಬರೀ ಮೊಂಡಾಗಿ ದುಂಡಗಾಗಿದ್ರೆ ಸವೆತ. ಸವೆತಕ್ಕೆ ಕಚ್ಚು ಮೂಡಿಸೋಕೆ ಬರಲ್ಲ, ಮೂಲೆ ಅಳಿಸೋಕೆ ಮಾತ್ರ ಬರುತ್ತೆ.

ಹೆಜ್ಜೆ 5: ದಿಕ್ಕು

ಈಗ ಒಂದು ಅಕ್ಷರ ಬಿಟ್ಟು ನಾಣ್ಯದ ಇಡೀ ಮುಖ ನೋಡಿ, ಗಡಿಯಾರದ ಹಾಗೆ ಹನ್ನೆರಡು, ಮೂರು, ಆರು, ಒಂಬತ್ತು ಗಂಟೆ ಜಾಗದಲ್ಲಿ ಏನೇನಾಗಿದೆ ಅಂತ ಒಂದು ಚೀಟಿಲಿ ಬರ್ಕೊಳ್ಳಿ. ಡಬಲ್ಡ್ ಡೈಗೆ ಒಂದು ಲೆಕ್ಕ ಇರುತ್ತೆ. ಹಬ್ ನಡುವಿನಿಂದ ತಿರುಗಿದ್ರೆ ಸುತ್ತಲೂ ಎಲ್ಲಾ ಅಕ್ಷರ ಒಂದೇ ಸುತ್ತಿನ ಕಡೆ ಜರುಗಿರುತ್ತೆ, ಅಂಚಿನ ಹತ್ರ ಜಾಸ್ತಿ, ನಡುವೆ ಕಮ್ಮಿ. ಅಂಚಿನ ಒಂದು ಬಿಂದುವಿಂದ ತಿರುಗಿದ್ರೆ ಆ ಬಿಂದು ಹತ್ರ ಏನೂ ಇರಲ್ಲ, ಎದುರು ಪಕ್ಕದಲ್ಲಿ ಜೋರು. ಇಡೀ ಹಬ್ ಪಕ್ಕಕ್ಕೆ ಸರಿದಿದ್ರೆ ಎಲ್ಲಾ ಅಕ್ಷರನೂ ಒಂದೇ ದಿಕ್ಕಿಗೆ, ಎಲ್ಲವೂ ಈಶಾನ್ಯಕ್ಕೆ ಅಂದ್ರೆ ಎಲ್ಲವೂ ಈಶಾನ್ಯಕ್ಕೆ. ತಿಳಿದವರು ಹೀಗೆ ಎಂಟು ವರ್ಗ ಮಾಡಿದ್ದಾರೆ, ಎಂಟೂ ಬಾಯಿಪಾಠ ಮಾಡೋ ಅವಶ್ಯಕತೆ ಇಲ್ಲ, ಈ ಮೂರು ಗೊತ್ತಿದ್ರೆ ಸಿಗೋದರಲ್ಲಿ ಬಹಳಷ್ಟು ಗುರುತಿಸಬಹುದು.

ಸವೆತದ ದಿಕ್ಕು ಬೇರೆ. ಲೋಹ ಹರಿಯೋದು ನಡುವಿಂದ ಅಂಚಿಗೆ, ಅದಕ್ಕೆ ಆ ಮಬ್ಬು ನೆರಳು ಹೆಚ್ಚಾಗಿ ಪ್ರತಿ ಅಕ್ಷರದ ಹೊರಪಕ್ಕದಲ್ಲಿ, ಸೂರ್ಯನ ಕಿರಣದ ಹಾಗೆ ಸುತ್ತಲೂ ಹೊರಮುಖ. ಕೆಲವು ಸಲ ಅಕ್ಷರದ ಎರಡೂ ಪಕ್ಕ ಬರುತ್ತೆ. ನನ್ನ 1998ರ ನಾಣ್ಯದಲ್ಲಿ ಬಾಣ ಇದ್ದಿದ್ದು ಇಸವಿಗೆ ಮಾತ್ರ, ಆದ್ರೆ ಲೂಪಲ್ಲಿ ನೋಡಿದ್ರೆ ಪಕ್ಕದ ತೆನೆಯ ಹೊರಅಂಚು, ರೂಪಾಯಿ ಅನ್ನೋ ಅಕ್ಷರ, ಎಲ್ಲದಕ್ಕೂ ಹೊರಪಕ್ಕ ಅದೇ ಮಬ್ಬು.

ಹೆಜ್ಜೆ 6: ನಾಣ್ಯದ ನೆಲ ಓದಿ

ಅಕ್ಷರ ಇಲ್ಲದ ಖಾಲಿ ಜಾಗನ ಇಂಗ್ಲಿಷಲ್ಲಿ ಫೀಲ್ಡ್ ಅಂತಾರೆ, ನಾನು ನೆಲ ಅಂತೀನಿ. ಎಲ್ಲರೂ ಅಕ್ಷರ ನೋಡ್ತಾರೆ, ನೆಲ ಯಾರೂ ನೋಡಲ್ಲ, ಸವೆದ ಅಚ್ಚಿನ ಬಗ್ಗೆ ಅತ್ಯಂತ ನಿಜ ಹೇಳೋದು ಈ ನೆಲವೇ. ಅಚ್ಚು ಮುದಿ ಆಗಿದ್ರೆ ನೆಲದಲ್ಲಿ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಉಬ್ಬು ತಗ್ಗು, ಅಂಚಿನ ಕಡೆ ಓಡೋ ಕೂದಲಿನಂಥ ಗೆರೆಗಳು, ಅಕ್ಷರದ ಬುಡದಲ್ಲಿ ನೆಲ ಎಳೆದುಕೊಂಡ ಹಾಗೆ. ಹೊಸ ಅಚ್ಚಾದ್ರೆ ನೆಲ ನಯ, ಅಂಚು ಚೂಪು.

ಇಲ್ಲೊಂದು ಸೂಕ್ಷ್ಮ ಇದೆ, ತಪ್ಪು ಮಾಡ್ಬೇಡಿ. ನೆಲ ನಯವಾಗಿದ್ದೂ ಅಕ್ಷರ ಎರಡಿದ್ರೆ ಸವೆತ ಅಲ್ಲ ಅಂತ ಧೈರ್ಯವಾಗಿ ಹೇಳಬಹುದು. ಆದ್ರೆ ನೆಲ ಸವೆದಿದ್ರೆ ಡಬಲ್ಡ್ ಡೈ ಅಲ್ಲವೇ ಅಲ್ಲ ಅನ್ನೋಕೆ ಆಗಲ್ಲ, ಯಾಕಂದ್ರೆ ಡಬಲ್ಡ್ ಡೈನೂ ಒಂದು ಅಚ್ಚೇ ತಾನೇ, ಅದೂ ಏಟು ತಿಂದು ಮುದಿಯಾಗುತ್ತೆ. ಅಂಥ ನಾಣ್ಯದಲ್ಲಿ ಎರಡೂ ಒಂದರ ಮೇಲೊಂದು ಇರುತ್ತೆ, ಆಗ ನಾಲ್ಕನೇ ಹೆಜ್ಜೆಗೆ ವಾಪಸ್ ಹೋಗಿ ಕಚ್ಚು ಹುಡುಕ್ಬೇಕು.

ಹೆಜ್ಜೆ 7: ಜೋಡಿ ಹುಡುಕಿ

ಡಬಲ್ಡ್ ಡೈಯಿಂದ ಬಂದ ಎಲ್ಲಾ ನಾಣ್ಯದಲ್ಲೂ ಅದೇ ಎರಡನೇ ಚಿತ್ರ, ಅದೇ ಜಾಗದಲ್ಲಿ, ಅಷ್ಟೇ ದೂರದಲ್ಲಿ. ಹಾಗಾಗಿ ಎರಡನೇ ನಾಣ್ಯ ಸಿಕ್ಕಿದ್ರೆ ದೊಡ್ಡ ಬಲ. ಮೆಷಿನ್ ಡಬ್ಲಿಂಗ್ ನಾಣ್ಯದಿಂದ ನಾಣ್ಯಕ್ಕೆ ಬದಲಾಗುತ್ತೆ. ಆದ್ರೆ ಸವೆದ ಅಚ್ಚಿಂದ ಬಂದ ನಾಣ್ಯಗಳೂ ಒಂದನ್ನೊಂದು ಹೋಲುತ್ತೆ ಅನ್ನೋದನ್ನ ಮರೀಬೇಡಿ, "ನನ್ನ ಹತ್ರ ಇಂಥವೇ ಐದಿದೆ ಅಂಕಲ್" ಅಂತ ಒಬ್ಬ ಹುಡುಗ ಬಹಳ ಖುಷಿಯಾಗಿ ತಂದಿದ್ದ, ಐದೂ ಸವೆತ. ವ್ಯತ್ಯಾಸ ಎಲ್ಲಿ ಅಂದ್ರೆ, ಸವೆತ ಬೆಳೆಯುತ್ತೆ. ಐದನ್ನೂ ಸಾಲಾಗಿ ಇಟ್ಟಾಗ ಒಂದರಲ್ಲಿ ನೆರಳು ತೆಳ್ಳಗೆ, ಇನ್ನೊಂದರಲ್ಲಿ ದಪ್ಪ, ಮತ್ತೊಂದರಲ್ಲಿ ಅಕ್ಷರವೇ ಮುಳುಗೋ ಅಷ್ಟು. ಡಬಲ್ಡ್ ಡೈಯ ಎರಡು ಚಿತ್ರದ ನಡುವಿನ ದೂರ ಹೀಗೆ ಬೆಳೆಯಲ್ಲ. ಎರಡು ನಾಣ್ಯ ಒಂದೇ ಅಚ್ಚಿಂದ ಬಂದಿದ್ದಾ ಅಂತ ಖಾತ್ರಿ ಮಾಡ್ಕೊಳ್ಳೋಕೆ ಅಚ್ಚಿನ ಗೀರು, ಬಿರುಕು ನೋಡಿ. ಅಚ್ಚಿನಲ್ಲಿ ಗೀರು ಇದ್ರೆ ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ಬರುತ್ತೆ, ತಗ್ಗಿರೋ ಗೀರು ಜೇಬಲ್ಲಿ ಆಗಿದ್ದು, ಅದು ಲೆಕ್ಕಕ್ಕಿಲ್ಲ.

ಅಮೆರಿಕದ ನಾಣ್ಯಕ್ಕೆ ಒಂದು ವಿಶೇಷ ಪರೀಕ್ಷೆ

ಮಗಳು ಅಳಿಯ ಅಲ್ಲಿರೋ ಮನೆಗಳಿಂದ ಸೆಂಟ್ ಡಬ್ಬಿ ಬರುತ್ತೆ, ಅದಕ್ಕೆ ಹೇಳ್ತಿದ್ದೀನಿ. 1990ಕ್ಕೆ ಮುಂಚೆ ಅಲ್ಲಿನ ಸೆಂಟ್‌ಗಳಲ್ಲಿ ಟಂಕಸಾಲೆ ಗುರುತಿನ ಅಕ್ಷರ ಹಬ್ಬಲ್ಲಿ ಇರ್ತಿರ್ಲಿಲ್ಲ, ಪ್ರತಿ ವರ್ಕಿಂಗ್ ಡೈಗೂ ಆಮೇಲೆ ಬೇರೆಯಾಗಿ ಪಂಚ್ ಮಾಡ್ತಿದ್ರು. ಹಾಗಾಗಿ ಹಬ್ ಎರಡು ಸಲ ಬಿದ್ರೂ ಆ ಗುರುತು ಒಂದೇ ಇರಬೇಕು. 1969ರ ಎಸ್ ಗುರುತಿನ ಸೆಂಟ್ ಬಹಳ ಪ್ರಸಿದ್ಧ ಡಬಲ್ಡ್ ಡೈ, ಅದರಲ್ಲಿ ಇಸವಿ ಎರಡು, ಎಸ್ ಒಂದೇ. ಇಸವಿ ಜೊತೆ ಎಸ್ ಕೂಡ ಅದೇ ದಿಕ್ಕಿಗೆ ಎರಡಾಗಿದ್ರೆ ಮೆಷಿನ್ ಡಬ್ಲಿಂಗ್, ಆಸೆ ಬಿಡಿ. 1982ರಿಂದ ಬಂದ ತಾಮ್ರ ಲೇಪದ ಜಿಂಕ್ ಸೆಂಟಲ್ಲಿ ಇನ್ನೊಂದು ಮೋಸ ಇದೆ, ಲೇಪ ತೆಳ್ಳಗೆ, ಹೊಡೆಯುವಾಗ ಅಕ್ಷರದ ಪಕ್ಕ ಸೀಳಿ ಒಳಗಿನ ಬೂದು ಜಿಂಕ್ ಗೆರೆಯಾಗಿ ಕಾಣುತ್ತೆ, ಅದೂ ಡಬಲ್ಡ್ ಡೈ ಅಲ್ಲ.

1990ರ ದಶಕದ ಕೊನೆಗೆ ಅಲ್ಲಿ ಒಂದೇ ಒತ್ತಿಗೆ ಅಚ್ಚು ಮಾಡೋ ಪದ್ಧತಿ ಬಂತು. ಆದ್ರೂ ಡಬಲ್ಡ್ ಡೈ ನಿಲ್ಲಲಿಲ್ಲ, ಒತ್ತು ಶುರುವಾಗುವಾಗ ಓರೆಯಾಗಿ ಕೂತು ಆಮೇಲೆ ಜರುಗಿದ್ರೆ ನಾಣ್ಯದ ನಡುಭಾಗದಲ್ಲಿ ಸಣ್ಣದಾಗಿ ಎರಡಾಗುತ್ತೆ. 2009ರ ಸೆಂಟಲ್ಲಿ ದಿಮ್ಮಿ ಮೇಲೆ ಕೂತು ಪುಸ್ತಕ ಓದೋ ಲಿಂಕನ್‌ಗೆ ಒಂದು ಬೆರಳು ಜಾಸ್ತಿ ಬಂದಿದ್ದು ಹೀಗೇನೇ.

ಕೈಯಲ್ಲಿ ಹೊಡೆದ ಹಳೇ ನಾಣ್ಯದ ಮಾತೇ ಬೇರೆ

ನಮ್ಮ ಜಿಲ್ಲೆಯವರಾಗಿ ಹೊಯ್ಸಳ ನಾಣ್ಯದ ಬಗ್ಗೆ ಒಂದು ಮಾತು ಹೇಳ್ದೆ ಹೋಗೋಕೆ ಮನಸ್ಸಿಲ್ಲ. ವಿಷ್ಣುವರ್ಧನನ ಚಿನ್ನದ ನಾಣ್ಯದಲ್ಲಿ "ಶ್ರೀ ತಲಕಾಡುಗೊಂಡ" ಅಂತ ಕನ್ನಡದಲ್ಲೇ ಇದೆ. ಅಂಥ ಕಾಲದ ನಾಣ್ಯದಲ್ಲಿ ಅಕ್ಷರ ಎರಡು ಕಂಡ್ರೆ ಸುತ್ತಿಗೆ ಎರಡು ಸಲ ಬಿದ್ದು ಮಧ್ಯೆ ಬಿಲ್ಲೆ ಜರುಗಿರಬಹುದು, ಅದು ಡಬಲ್ ಸ್ಟ್ರೈಕ್. ಹಬ್ಬಿಂದ ಹುಟ್ಟೋ ಡಬಲ್ಡ್ ಡೈ ಅನ್ನೋ ಪದನ ಅದಕ್ಕೆ ಅಂಟಿಸಬೇಡಿ, ಅದರ ಬೆಲೆ ಅದರ ಚರಿತ್ರೆಯಲ್ಲಿದೆ.

ಕಷ್ಟದ್ದು ಒಂದಿದೆ

ಎಂಟು ವರ್ಗದಲ್ಲಿ ಆರನೇದು ಎಲ್ಲರನ್ನೂ ಸುಸ್ತು ಮಾಡುತ್ತೆ. ಹಬ್ಬೇ ಸ್ವಲ್ಪ ಹಿಗ್ಗಿ ಹರಡಿದಾಗ ಆಗೋದು ಅದು. ಇದರಲ್ಲಿ ಎರಡು ಅಕ್ಷರ ಬಿಡಿ ಬಿಡಿಯಾಗಿ ಕಾಣಲ್ಲ, ಅಕ್ಷರ ಬರೀ ದಪ್ಪ ಆಗಿರುತ್ತೆ, ಅದೂ ಅಂಚಿನ ಹತ್ರ. ಕೇಳಿದ್ರೆ ಸವೆತದ ವಿವರಣೆನೇ ಅನ್ಸುತ್ತೆ ಅಲ್ವಾ. ಇಲ್ಲಿ ನಾನು ನೆಲಕ್ಕೆ ಹೋಗ್ತೀನಿ. ಅಕ್ಷರ ದಪ್ಪ ಇದ್ದೂ ಅದರ ಅಂಚು ಚೂಪಾಗಿ, ನೆಲ ನಯವಾಗಿ, ಅಚ್ಚು ಹೊಸದಾಗಿದ್ದಾಗಿನ ಹೊಳಪಿದ್ರೆ ಆರನೇ ವರ್ಗ ಇರಬಹುದು ಅಂತ ಬೇರೆ ಎತ್ತಿಡ್ತೀನಿ. ನೆಲದ ಬಗ್ಗೆ ಸ್ವಲ್ಪ ಅನುಮಾನ ಬಂದ್ರೂ ಸವೆತ ಅಂತಲೇ ಬರೆದಿಡ್ತೀನಿ. ಅನುಮಾನ ಇದ್ದಾಗ ಬೆಲೆ ಕಮ್ಮಿ ಇರೋ ಕಡೆಗೇ ತೀರ್ಪು ಕೊಟ್ಕೊಳ್ಳಿ, ಇಲ್ಲಾಂದ್ರೆ ಆಸೆನೇ ಕಣ್ಣಾಗಿಬಿಡುತ್ತೆ.

ಕೊಳ್ಳೋರಿಗೆ, ಮಾರೋರಿಗೆ

ಕೊಳ್ಳೋದಾದ್ರೆ ಇಸವಿಯ ಒಂದೇ ಮೂಲೆಯ ಫೋಟೋ ನೋಡಿ ದುಡ್ಡು ಹಾಕ್ಬೇಡಿ. ಇಡೀ ಮುಖದ ಫೋಟೋ ಕೇಳಿ, ಎರಡು ಬೇರೆ ಬೇರೆ ದಿಕ್ಕಿನ ಬೆಳಕಲ್ಲಿ ತೆಗೆದಿದ್ದು ಕೇಳಿ, ಕೊಡಲ್ಲ ಅಂದ್ರೆ ಅದೇ ಉತ್ತರ. ಹಳೇ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ಕಮಿಷನ್ನು ತೆರಿಗೆ ಕಟ್ಟಿ ಅಂತ ರಿಸರ್ವ್ ಬ್ಯಾಂಕ್ ಹೆಸರು ಹೇಳ್ಕೊಂಡು ಫೋನ್ ಬಂದ್ರೆ ಕಟ್ ಮಾಡಿ. 2021ರ ಆಗಸ್ಟಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಟ್ಟು ತಾನು ಇಂಥ ವ್ಯವಹಾರ ಮಾಡಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ಹೇಳಿದೆ. ನಮ್ಮ ಬೀದಿಲೇ ಒಬ್ಬ ಅಜ್ಜಿಗೆ ಹೀಗೆ ಫೋನ್ ಬಂದಿತ್ತು, ಪುಣ್ಯಕ್ಕೆ ದುಡ್ಡು ಕಟ್ಟೋಕೆ ಮುಂಚೆ ಅಂಗಡಿಗೆ ಬಂದು ಕೇಳಿದ್ರು.

ನೀವು ಮಾರೋದಾದ್ರೆ, ಸವೆದ ಅಚ್ಚಿನ ನಾಣ್ಯನ ಸವೆದ ಅಚ್ಚಿನದು ಅಂತಲೇ ಹೇಳಿ ಮಾರಿ. ಅದನ್ನೂ ಇಷ್ಟಪಟ್ಟು ಕೂಡಿಡೋರಿದ್ದಾರೆ, ಅಚ್ಚಿನ ಆಯಸ್ಸನ್ನ ಹಂತ ಹಂತವಾಗಿ ತೋರಿಸೋ ಸಾಲು ಮಾಡ್ತಾರೆ, ನಾನೂ ಒಂದು ಮಾಡಿದ್ದೀನಿ.

ಇಡೋದು ಹೇಗೆ ಅಂದ್ರೆ, ನಮ್ಮ ಮಳೆಗಾಲಕ್ಕೆ ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ, ಕೆಲವು ವರ್ಷಕ್ಕೆ ಅಂಟು ಬಿಟ್ಟು ನಾಣ್ಯ ಹಸಿರಾಗುತ್ತೆ. ಕಾಗದದ ಚೌಕದ ಹೋಲ್ಡರಲ್ಲಿ ಹಾಕಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಲೂಪನ್ನೂ ಅದೇ ಡಬ್ಬಿಯಲ್ಲೇ ಇಡಿ, ಜೂನಿಂದ ಸೆಪ್ಟೆಂಬರ್ ಒಳಗೆ ಗಾಜಿನ ಮೇಲೆ ಬೂಷ್ಟು ಬಂದ್ರೆ ನೋಡಿದ್ದೆಲ್ಲ ಮಬ್ಬಾಗಿ ಎಲ್ಲಾ ನಾಣ್ಯನೂ ಸವೆದ ಹಾಗೇ ಕಾಣುತ್ತೆ. ಹೋಲ್ಡರ್ ಮೇಲೆ ಇಸವಿ, ಟಂಕಸಾಲೆ, ಯಾವ ದಿಕ್ಕಿಗೆ ಎರಡಾಗಿದೆ, ಉಬ್ಬಿದ ಗೀರು ಎಲ್ಲಿದೆ ಅಂತ ಪೆನ್ಸಿಲಲ್ಲಿ ಬರೀರಿ.

ನನ್ನ ಡಬ್ಬಿಯಲ್ಲಿ ಹಾಗೆ ಬರೆದಿಟ್ಟಿರೋ ಭೂಪಟದ ಹಳೇ ಎರಡು ರೂಪಾಯಿ ಒಂದಿದೆ. ನೆಲ ನಯ, ತಲೆಗೆರೆಯ ಬಲತುದಿಯಲ್ಲಿ ಕಚ್ಚು, ಭೂಪಟದ ಕೆಳಗೆ ಕೂದಲೆಳೆಯಂಥ ಉಬ್ಬುಗೆರೆ. ಅದೇ ಉಬ್ಬುಗೆರೆ ಇರೋ ಇನ್ನೊಂದು ಸಿಗೋ ತನಕ ಹೋಲ್ಡರ್ ಮೇಲೆ ಪ್ರಶ್ನಾರ್ಥಕ ಚಿಹ್ನೆ ಹಾಗೇ ಇರುತ್ತೆ, ದಿನಾ ರಾತ್ರಿ ಗಲ್ಲ ಎಣಿಸುವಾಗ ಹಳೇ ಎರಡು ರೂಪಾಯಿ ಕೈಗೆ ಬಂದ್ರೆ ಮೊದಲು ಭೂಪಟದ ಕೆಳಗೆ ನೋಡ್ತೀನಿ.